ಎಪ್ಪತ್ತೆರಡು ತಿಂಗಳ ಲೆಕ್ಕ: ಒಂದು ಎಫ್30 ಅರ್ಜಿಯ ಪ್ರಕರಣ ಅಧ್ಯಯನ

ಅಮೆರಿಕದಲ್ಲಿ ಎಂ.ಡಿ. ಮತ್ತು ಪಿಎಚ್.ಡಿ. ಎರಡನ್ನೂ ಜೊತೆಯಾಗಿ ಓದುವವರ ಹಾದಿ ಸುಮಾರು ಎಂಟು ವರ್ಷದ್ದು. ಮೊದಲ ಎರಡು ವರ್ಷ ವೈದ್ಯಕೀಯ ತರಗತಿ, ನಂತರ ನಾಲ್ಕು ವರ್ಷ ಲ್ಯಾಬ್, ಕೊನೆಯ ಎರಡು ವರ್ಷ ವಾರ್ಡು. ಇಷ್ಟು ಉದ್ದದ ಓದಿಗೆ ಒಂದೇ ಕಡೆಯಿಂದ ಹಣ ಬರುವುದು ಅಪರೂಪ. ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ಕಾಲೇಜಿಗೆ ಕೊಡುವ ಟಿ32 ತರಬೇತಿ ಅನುದಾನದಿಂದ ಸ್ವಲ್ಪ ಕಾಲ, ಗೈಡ್‌ನ ಸಂಶೋಧನಾ ಅನುದಾನದಿಂದ ಸ್ವಲ್ಪ ಕಾಲ, ಕಾಲೇಜಿನ ಸ್ವಂತ ನಿಧಿಯಿಂದ ಇನ್ನಷ್ಟು ಕಾಲ ನಡೆಯುತ್ತದೆ. ಈ ನಡುವೆ ವಿದ್ಯಾರ್ಥಿಯ ಹೆಸರಿಗೇ ಬರುವ ಹಣ ಎಫ್30 ಫೆಲೋಶಿಪ್. ಇದು ರೂತ್ ಕಿರ್ಶ್‌ಸ್ಟೈನ್ ಹೆಸರಿನ ರಾಷ್ಟ್ರೀಯ ಸಂಶೋಧನಾ ಸೇವಾ ಪ್ರಶಸ್ತಿಗಳ ಸಾಲಿಗೆ ಸೇರಿದೆ. ಕಿರ್ಶ್‌ಸ್ಟೈನ್ 1974ರಲ್ಲಿ ಎನ್‌ಐಎಚ್‌ನ ಒಂದು ಸಂಸ್ಥೆಯ ನಿರ್ದೇಶಕಿಯಾದ ಮೊದಲ ಮಹಿಳೆ. 1964ರಿಂದ ವೈದ್ಯ-ವಿಜ್ಞಾನಿ ತರಬೇತಿ ಕಾರ್ಯಕ್ರಮಕ್ಕೆ ಹಣ ಕೊಡುತ್ತ ಬಂದಿರುವುದೂ ಅದೇ ಸಂಸ್ಥೆ.

ಇಲ್ಲಿ ಬರುವ ವಿದ್ಯಾರ್ಥಿನಿ, ಗೈಡ್, ಕಾಲೇಜು ಮೂರೂ ಕಲ್ಪಿತ. ಇಂಥ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳನ್ನು ಒಂದೇ ಕಡತದಲ್ಲಿ ಕೂಡಿಸಿಟ್ಟಿದ್ದೇವೆ. ನಿಯಮ, ಗಡುವು, ಮೊತ್ತಗಳು ಆ ಕಾಲದಲ್ಲಿ ಜಾರಿಯಲ್ಲಿದ್ದವೇ.

ಹಿನ್ನೆಲೆ

ಈಕೆ 2020ರ ಜುಲೈನಲ್ಲಿ ಸೇರಿದಳು. ಮೊದಲ 24 ತಿಂಗಳು ಸ್ಟೈಪೆಂಡ್ ಬಂದದ್ದು ಕಾಲೇಜಿನ ಟಿ32ನಿಂದ. 2022ರ ಜುಲೈನಲ್ಲಿ ಮೂತ್ರಪಿಂಡದ ಲ್ಯಾಬ್ ಒಂದಕ್ಕೆ ಸೇರಿ ಪಿಎಚ್.ಡಿ. ಶುರು ಮಾಡಿದಳು. ಪೆಟ್ಟಾದ ಮೂತ್ರಪಿಂಡದಲ್ಲಿ ನಾರುಗಟ್ಟುವುದಕ್ಕೂ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳಿಗೂ ಏನು ಸಂಬಂಧ ಎಂಬುದು ವಿಷಯ. 2026ರ ಜೂನ್‌ಗೆ ಪಿಎಚ್.ಡಿ. ಮುಗಿಸಿ ಜುಲೈಯಿಂದ ವಾರ್ಡಿಗೆ ಮರಳಿ, 2028ರ ಮೇನಲ್ಲಿ ಎಂ.ಡಿ. ಪಡೆಯುವುದು ಯೋಜನೆ. ಗೈಡ್ ಹೊಸ ಸಹಾಯಕ ಪ್ರಾಧ್ಯಾಪಕರು. ಕೈಯಲ್ಲಿ ಎನ್‌ಐಎಚ್ ಲ್ಯಾಬ್‌ಗಳಿಗೆ ಕೊಡುವ ಆರ್01 ಎಂಬ ಸಂಶೋಧನಾ ಅನುದಾನವೊಂದಿತ್ತು, ಆದರೆ ಅವರ ಕೈಕೆಳಗೆ ಅಲ್ಲಿಯವರೆಗೆ ಒಬ್ಬರೂ ಪಿಎಚ್.ಡಿ. ಮುಗಿಸಿರಲಿಲ್ಲ.

ಅರ್ಹತೆಯ ವಿಚಾರದಲ್ಲಿ ತೊಡಕಿರಲಿಲ್ಲ. ಫೆಲೋಶಿಪ್ ಮಂಜೂರಾಗುವ ಹೊತ್ತಿಗೆ ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಬೇಕು. ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಎಫ್30 ಇಲ್ಲ. ಜೋಡಿ ಪದವಿಗೆ ಸೇರಿದ ದಿನದಿಂದ 48 ತಿಂಗಳೊಳಗೆ ಮೊದಲ ಅರ್ಜಿ ಹೋಗಬೇಕು. ಗೈಡ್ ಮತ್ತು ಪ್ರಬಂಧದ ವಿಷಯ ಆಗಲೇ ಗೊತ್ತಾಗಿರಬೇಕು. ಎನ್‌ಐಎಚ್‌ನ ಎಲ್ಲ ಸಂಸ್ಥೆಗಳೂ ಎಫ್30 ಕೊಡುವುದಿಲ್ಲ. ಹಾಗಾಗಿ ವಿಷಯ ಯಾವ ಸಂಸ್ಥೆಗೆ ಸೇರುತ್ತದೆ, ಆ ಸಂಸ್ಥೆ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಮೂತ್ರಪಿಂಡದ ಸಂಸ್ಥೆ ಪಟ್ಟಿಯಲ್ಲಿದೆ.

ಮೊದಲ ಅರ್ಜಿ

ಫೆಲೋಶಿಪ್ ಅರ್ಜಿಗಳಿಗೆ ವರ್ಷಕ್ಕೆ ಮೂರು ಗಡುವು: ಏಪ್ರಿಲ್ 8, ಆಗಸ್ಟ್ 8, ಡಿಸೆಂಬರ್ 8. ಅರ್ಜಿ ಸಲ್ಲಿಸುವ ಸಂಸ್ಥೆ ಇರುವ ಊರಿನ ಸಮಯ ಸಂಜೆ 5 ಗಂಟೆಗೆ ಬಾಗಿಲು ಮುಚ್ಚುತ್ತದೆ. ಆ ದಿನ ಶನಿವಾರವೋ ಭಾನುವಾರವೋ ಆದರೆ ಮುಂದಿನ ಕೆಲಸದ ದಿನ. ಈಕೆಯ ಮೊದಲ ಅರ್ಜಿ 2022ರ ಡಿಸೆಂಬರ್ 8ಕ್ಕೆ ಹೋಯಿತು. ಲ್ಯಾಬ್ ಸೇರಿ ಆಗಿನ್ನೂ ಐದು ತಿಂಗಳು. 2023ರ ಮಾರ್ಚ್‌ನಲ್ಲಿ ಬಂದ ಫಲಿತಾಂಶ: ಚರ್ಚೆಗೆ ಎತ್ತಿಕೊಂಡಿಲ್ಲ.

ವಿಮರ್ಶಕರ ಪ್ರಾಥಮಿಕ ಅಂಕಗಳಲ್ಲಿ ಕೆಳಗಿನ ಅರ್ಧಕ್ಕೆ ಬೀಳುವ ಅರ್ಜಿಗಳನ್ನು ಸಮಿತಿ ಸಾಮಾನ್ಯವಾಗಿ ಚರ್ಚಿಸುವುದಿಲ್ಲ. ಅವಕ್ಕೆ ಒಟ್ಟು ಅಂಕ ಸಿಗುವುದಿಲ್ಲ, ಆದರೆ ವಿಮರ್ಶಕರ ಬರಹ ಮತ್ತು ಮಾನದಂಡವಾರು ಅಂಕಗಳು ಬರುತ್ತವೆ. 1 ಅತ್ಯುತ್ತಮ, 9 ತೀರಾ ಕಳಪೆ. ಆಗ ಮಾನದಂಡ ಐದಿದ್ದವು. ಈಕೆಗೆ ಮೂವರು ವಿಮರ್ಶಕರಿಂದ ಬಂದದ್ದು ಹೀಗೆ: ಅಭ್ಯರ್ಥಿ 2, 2, 3, ಗೈಡ್ 4, 5, 3, ಸಂಶೋಧನಾ ತರಬೇತಿ ಯೋಜನೆ 5, 4, 5, ತರಬೇತಿಯ ಸಾಧ್ಯತೆ 4, 4, 3, ಸಂಸ್ಥೆಯ ವಾತಾವರಣ 1, 1, 2.

ಈ ಸಾಲನ್ನು ಓದುವುದಕ್ಕೆ ಒಂದು ಕ್ರಮವಿದೆ. ಅಭ್ಯರ್ಥಿಗೆ 2 ಬಂದಿದೆ ಎಂದರೆ ಹುಡುಗಿಯ ಬಗ್ಗೆ ಯಾರಿಗೂ ಸಂಶಯವಿಲ್ಲ. ವಾತಾವರಣಕ್ಕೆ 1 ಬಂದದ್ದರಿಂದ ಹೆಚ್ಚೇನೂ ತಿಳಿಯುವುದಿಲ್ಲ, ದೊಡ್ಡ ಕಾಲೇಜುಗಳಿಗೆ ಅದು ಬಂದೇ ಬರುತ್ತದೆ. ಏಟು ಬಿದ್ದದ್ದು ನಡುವಿನ ಮೂರರಲ್ಲಿ. ಮೂರಕ್ಕೂ ಮೂಲ ಒಂದೇ: ಅರ್ಜಿಯನ್ನು ಸಣ್ಣ ಆರ್01 ಎಂಬಂತೆ ಬರೆಯಲಾಗಿತ್ತು. ಆರು ಪುಟದ ಸಂಶೋಧನಾ ಯೋಜನೆಗೆ ಮೂರು ತಿಂಗಳು ಸುರಿದು, ತರಬೇತಿಯ ಪುಟಗಳನ್ನು ಕೊನೆಯ ವಾರ ಕಾಲೇಜಿನ ಹಳೆಯ ಅರ್ಜಿಗಳಿಂದ ಎತ್ತಿ ಹಾಕಿದ್ದರು. ಎಫ್30ರಲ್ಲಿ ವಿಮರ್ಶಕರು ತೂಗಿ ನೋಡುವುದು ಈ ಪ್ರಯೋಗದಿಂದ ಈ ವಿದ್ಯಾರ್ಥಿ ಏನು ಕಲಿಯುತ್ತಾಳೆ ಎಂಬುದನ್ನು. ಕೋಶಗಳ ಬಗ್ಗೆ ಏನು ತಿಳಿಯುತ್ತದೆ ಎಂಬ ಪ್ರಶ್ನೆ ಅದರ ನಂತರದ್ದು.

ಇಲಿಗಳ ಲೆಕ್ಕ

ಯೋಜನೆಗೆ ಬಂದ 5ರ ಹಿಂದೆ ಒಂದು ಗಟ್ಟಿ ಕಾರಣವಿತ್ತು. ಮೊದಲ ಗುರಿ, ಪೆಟ್ಟಾದ ಮೂತ್ರಪಿಂಡದ ಕೋಶಗಳನ್ನು ಒಂದೊಂದಾಗಿ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿ ಮ್ಯಾಕ್ರೋಫೇಜ್‌ಗಳ ಒಂದು ಗುಂಪನ್ನು ಗುರುತಿಸುವುದು. ಎರಡನೆಯದು, ಅಲ್ಲಿ ಸಿಕ್ಕ ಜೀನ್ ಒಂದನ್ನು ಮ್ಯಾಕ್ರೋಫೇಜ್‌ಗಳಲ್ಲಿ ಮಾತ್ರ ತೆಗೆದು ನಾರುಗಟ್ಟುವುದು ಕಡಿಮೆಯಾಗುತ್ತದೆಯೇ ಎಂದು ನೋಡುವುದು. ಮೂರನೆಯದು, ಅದನ್ನೇ ರೋಗಿಗಳ ಬಯಾಪ್ಸಿಯಲ್ಲಿ ಹುಡುಕುವುದು. ಮೊದಲನೆಯದು ಕೈಕೊಟ್ಟರೆ ಉಳಿದೆರಡಕ್ಕೂ ನೆಲೆಯಿಲ್ಲ. ಯಾವ ಜೀನ್ ಎಂಬುದೇ ಗೊತ್ತಿಲ್ಲದೆ ಇಲಿಗಳನ್ನು ತರಿಸಿಕೊಳ್ಳುವುದಾದರೂ ಹೇಗೆ?

ಒಬ್ಬ ವಿಮರ್ಶಕರು ಇಲಿಗಳ ಕಾಲವನ್ನೇ ಎಣಿಸಿದ್ದರು. ಒಂದು ಕೋಶದಲ್ಲಿ ಮಾತ್ರ ಜೀನ್ ತೆಗೆಯಬೇಕಾದರೆ ಫ್ಲಾಕ್ಸ್ ಮಾಡಿದ (ಆ ಜೀನ್‌ನ ಎರಡೂ ಬದಿಗೆ ಕತ್ತರಿಸುವ ಗುರುತು ಹಾಕಿದ) ಇಲಿಯನ್ನು ಕ್ರೀ ಇಲಿಯ (ಬೇಕಾದ ಕೋಶದಲ್ಲಿ ಮಾತ್ರ ಅಲ್ಲಿ ಕತ್ತರಿಸುವ ಕಿಣ್ವ ಇರುವ ಇಲಿಯ) ಜೊತೆ ಎರಡು ತಲೆಮಾರು ಕೂಡಿಸಬೇಕು. ಗರ್ಭದ ಅವಧಿ ಮೂರು ವಾರ, ಮರಿ ಬೆದೆಗೆ ಬರಲು ಆರರಿಂದ ಎಂಟು ವಾರ. ಎರಡನೆಯ ತಲೆಮಾರಿನ ಮರಿಗಳು ಹುಟ್ಟಿ, ಎಂಟು ಹತ್ತು ವಾರದ ಪ್ರಾಯಕ್ಕೆ ಬಂದು, ಪೆಟ್ಟಿನ ಪ್ರಯೋಗಕ್ಕೆ ಒಳಗಾಗಿ, ನಾಲ್ಕು ವಾರ ಕಾದು ಅಂಗ ತೆಗೆಯುವಷ್ಟರಲ್ಲಿ ಎಲ್ಲ ಸರಿಹೋದರೂ ಆರು ತಿಂಗಳು ಕಳೆದಿರುತ್ತದೆ. ಇನ್ನು ಸಂಖ್ಯೆ. ಕೊನೆಯ ಜೋಡಣೆಯಲ್ಲಿ ನಾಲ್ಕು ಮರಿಗಳಲ್ಲಿ ಒಂದು ಮಾತ್ರ ಬೇಕಾದ ಜೀನುಗಳ ಜೋಡಿ ಹೊತ್ತಿರುತ್ತದೆ. 2016ರಿಂದ ಎನ್‌ಐಎಚ್ ಗಂಡು ಹೆಣ್ಣು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆನ್ನುತ್ತದೆ. ಹತ್ತು ಗಂಡು, ಹತ್ತು ಹೆಣ್ಣು ಬೇಕೆಂದರೆ 80 ಮರಿ. ಸೂಲಿಗೆ ಏಳರಂತೆ ಹಿಡಿದರೆ ಹನ್ನೊಂದು ಹನ್ನೆರಡು ಸೂಲು. ಅರ್ಜಿಯ ವೇಳಾಪಟ್ಟಿಯಲ್ಲಿ ಇದಕ್ಕೆಲ್ಲ ಇಟ್ಟಿದ್ದದ್ದು ನಾಲ್ಕು ತಿಂಗಳು. ಇಲಿ ಮನೆಯಲ್ಲಿ ಒಂದು ವರ್ಷ ಕಳೆದ ಯಾರಿಗಾದರೂ ಆ ಸಾಲು ಕಣ್ಣಿಗೆ ಚುಚ್ಚುತ್ತದೆ.

ಎರಡನೆಯ ಅರ್ಜಿಯಲ್ಲಿ ಮಾಡಿದ ಬದಲಾವಣೆ ಸರಳ. ಲ್ಯಾಬ್‌ನಲ್ಲಿ ಆಗಲೇ ಇದ್ದ ದತ್ತಾಂಶದಿಂದ ಒಂದು ಜೀನ್ ಆರಿಸಿ, ಅದರ ಫ್ಲಾಕ್ಸ್ ಇಲಿಗಳನ್ನು 2023ರ ಏಪ್ರಿಲ್‌ನಲ್ಲೇ ತರಿಸಿಕೊಂಡು ಕೂಡಿಸಲು ಬಿಟ್ಟರು. ಗುರಿಗಳು ಮೂರರಿಂದ ಎರಡಾದವು. ಒಂದು ಬಿದ್ದರೂ ಇನ್ನೊಂದು ನಿಲ್ಲುವಂತೆ ಬರೆದರು. ಬಯಾಪ್ಸಿಯ ಗುರಿ ಹೋಗಿ, ಆ ಜಾಗಕ್ಕೆ ಮೂತ್ರಪಿಂಡದ ಪೆಥಾಲಜಿ ಸ್ಲೈಡ್ ಓದುವ ಕಲಿಕೆ ಬಂತು, ಅದೂ ತರಬೇತಿಯ ಪುಟದಲ್ಲಿ.

ತರಬೇತಿಯ ಪುಟಗಳು

ಮೊದಲ ಅರ್ಜಿಯ ತರಬೇತಿ ಯೋಜನೆಯಲ್ಲಿ ಫ್ಲೋ ಸೈಟೋಮೆಟ್ರಿ, ವೆಸ್ಟರ್ನ್ ಬ್ಲಾಟ್, ಇಲಿಯ ಶಸ್ತ್ರಚಿಕಿತ್ಸೆ ಎಂಬ ಪಟ್ಟಿಯಿತ್ತು. ಬಯೋಸ್ಕೆಚ್, ಅಂದರೆ ಅರ್ಜಿಯ ಜೊತೆಗಿನ ಸ್ವವಿವರ, ತೆರೆದರೆ ಅವೆಲ್ಲ ಈಕೆಗೆ ಆಗಲೇ ಬರುತ್ತವೆ! ಬರುವುದನ್ನೇ ಕಲಿಯಲು ಸರಕಾರದ ಹಣವೇಕೆ ಎಂದು ವಿಮರ್ಶಕರು ಕೇಳದೆ ಇರುತ್ತಾರೆಯೇ? ಎರಡನೆಯ ಸಲ ಕೊರತೆಯಿಂದಲೇ ಶುರುವಾಯಿತು. ಕೋಶವಾರು ದತ್ತಾಂಶದ ಸಂಖ್ಯಾಶಾಸ್ತ್ರ ಬರುವುದಿಲ್ಲ; ಯಾವ ಕೋರ್ಸ್, ಯಾವ ಸೆಮಿಸ್ಟರ್, ಯಾರ ಕೈಕೆಳಗೆ. ಸ್ಲೈಡ್ ಓದಲು ಬರುವುದಿಲ್ಲ. ವಾರದಲ್ಲಿ ಯಾವ ದಿನ ಪೆಥಾಲಜಿ ಕಾನ್ಫರೆನ್ಸ್. ನಾಲ್ಕು ವರ್ಷ ಲ್ಯಾಬ್‌ನಲ್ಲಿದ್ದು ವಾರ್ಡಿಗೆ ಮರಳಿದಾಗ ಕೈ ಜಡವಾಗಿರುತ್ತದೆ. ಅದಕ್ಕೆ ವಾರಕ್ಕೆ ಅರ್ಧ ದಿನ ನೆಫ್ರಾಲಜಿ ಕ್ಲಿನಿಕ್. ಪ್ರತಿಯೊಂದಕ್ಕೂ ತಿಂಗಳು ಹಾಕಿ ಕೋಷ್ಟಕ ಮಾಡಿದರು.

ಭವಿಷ್ಯದ ಗುರಿಯ ಪ್ಯಾರಾ ಕೂಡ ಬದಲಾಯಿತು. ಮೊದಲಿನದರಲ್ಲಿ ವೈದ್ಯ-ವಿಜ್ಞಾನಿಯಾಗಿ ರೋಗಿಗಳಿಗೂ ವಿಜ್ಞಾನಕ್ಕೂ ಸೇತುವೆಯಾಗುವ ಮಾತಿತ್ತು. ಸೇತುವೆ ಇಲ್ಲದ ಎಫ್30 ಅರ್ಜಿಯನ್ನು ಹುಡುಕಿದರೂ ಸಿಗುವುದಿಲ್ಲ, ಹಾಗಾಗಿ ಅದು ಏನೂ ಹೇಳಿದಂತಾಗುವುದಿಲ್ಲ. ಎರಡನೆಯದರಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ, ಅನಂತರ ನೆಫ್ರಾಲಜಿ, ಅನಂತರ ಸಮಯದ ಶೇ. 75ನ್ನಾದರೂ ಸಂಶೋಧನೆಗೆ ಮೀಸಲಿಡಬೇಕಾದ, ಹೊಸ ವೈದ್ಯ-ವಿಜ್ಞಾನಿಗಳಿಗೆ ಎನ್‌ಐಎಚ್ ಕೊಡುವ ಕೆ08 ಅನುದಾನ ಎಂದು ಹಂತ ಹಂತವಾಗಿ ಬರೆದಿದ್ದರು.

ಗೈಡ್‌ಗೆ ಬಂದ 5ರ ಬಗ್ಗೆ ಎರಡು ದೂರುಗಳಿದ್ದವು. ಹೊಸಬರು, ವಿದ್ಯಾರ್ಥಿಗಳನ್ನು ದಡ ಮುಟ್ಟಿಸಿದ ಅನುಭವವಿಲ್ಲ ಎಂಬುದು ಮೊದಲನೆಯದು. ಅವರ ಆರ್01 2025ಕ್ಕೆ ಮುಗಿಯುತ್ತದೆ, ಪಿಎಚ್.ಡಿ. ಮುಗಿಯುವುದು 2026ಕ್ಕೆ, ನಡುವಿನ ವರ್ಷ ಲ್ಯಾಬ್ ನಡೆಯುವುದು ಯಾರ ಹಣದಲ್ಲಿ ಎಂಬುದು ಎರಡನೆಯದು. ಮೊದಲನೆಯದಕ್ಕೆ ಅನುಭವಿ ಪ್ರಾಧ್ಯಾಪಕರೊಬ್ಬರನ್ನು ಸಹ-ಗೈಡ್ ಮಾಡಿಕೊಂಡರು. ಹೆಸರು ಸೇರಿಸಿದರಷ್ಟೇ ಸಾಲದು. ಅವರು ತಿಂಗಳಿಗೊಮ್ಮೆ ಏನು ನೋಡುತ್ತಾರೆ, ಇಬ್ಬರು ಗೈಡ್‌ಗಳ ನಡುವೆ ಭಿನ್ನಾಭಿಪ್ರಾಯ ಬಂದರೆ ಯಾರ ಮಾತು ಕೊನೆ ಎಂಬುದನ್ನೂ ಬರೆದರು. ಎರಡನೆಯದಕ್ಕೆ ವಿಭಾಗದ ಮುಖ್ಯಸ್ಥರು ಪತ್ರ ಕೊಟ್ಟರು: ಆರ್01 ನವೀಕರಣವಾಗದಿದ್ದರೆ ಆ ವರ್ಷದ ಇಲಿ ಮತ್ತು ಸೀಕ್ವೆನ್ಸಿಂಗ್ ಖರ್ಚು ವಿಭಾಗದ್ದು. ಗೈಡ್ ಒಳ್ಳೆಯವರು, ವಿದ್ಯಾರ್ಥಿನಿ ಜಾಣೆ ಎಂದು ಹೊಗಳುವ ಪತ್ರಕ್ಕಿಂತ ಹಣದ ಹೊಣೆ ಹೊರುವ ಇಂಥ ಎರಡು ಸಾಲಿನ ಪತ್ರದ ತೂಕ ಹೆಚ್ಚು.

ಸಂಶೋಧನಾ ನೀತಿಯ ತರಬೇತಿಗೆ ಒಂದು ಪುಟ. ವಿಧಾನ, ವಿಷಯ, ಅಧ್ಯಾಪಕರ ಪಾಲು, ಅವಧಿ, ಎಷ್ಟು ಸಲ ಎಂಬ ಐದು ಅಂಶ ಅಲ್ಲಿರಬೇಕು. ಕನಿಷ್ಠ ಎಂಟು ಗಂಟೆ ಮುಖಾಮುಖಿ, ನಾಲ್ಕು ವರ್ಷಕ್ಕೊಮ್ಮೆಯಾದರೂ. ಒಂದು ಅಂಶ ಬಿಟ್ಟರೂ ವಿಮರ್ಶಕರು ಗುರುತು ಹಾಕುತ್ತಾರೆ.

ಯಾವ ಗಡುವು?

ಒಂದು ಅರ್ಜಿಯನ್ನು ತಿದ್ದಿ ಮರುಸಲ್ಲಿಸಲು ಒಂದೇ ಅವಕಾಶ, ಮೊದಲಿನದರಿಂದ 37 ತಿಂಗಳೊಳಗೆ. ಅದೂ ಹೋದರೆ ಹೊಸ ಅರ್ಜಿಯೇ ಹಾಕಬೇಕು, ಹೊಸ ಅರ್ಜಿಗೆ ಆ 48 ತಿಂಗಳ ಗಡಿ ಮತ್ತೆ ಅನ್ವಯಿಸುತ್ತದೆ. ವಿಮರ್ಶೆ ಕೈಗೆ ಬಂದದ್ದು ಮಾರ್ಚ್ ಕೊನೆಗೆ. ಏಪ್ರಿಲ್ 8 ಶನಿವಾರವಾದ್ದರಿಂದ ಗಡುವು 10ಕ್ಕೆ ಸರಿದಿತ್ತು. ಎರಡು ವಾರದಲ್ಲಿ ತಿದ್ದಿ ಕಳಿಸೋಣ ಎಂದು ವಿದ್ಯಾರ್ಥಿನಿಗೆ ಆತುರ. ಆಗಸ್ಟ್‌ಗೆ ಹೋಗೋಣ ಎಂದು ಗೈಡ್. ಇಂಥ ವಾದ ಬಗೆಹರಿಯುವುದು ತಿಂಗಳು ಎಣಿಸಿದಾಗ ಮಾತ್ರ.

ಈ ಸಾಲಿನ ಪ್ರಶಸ್ತಿಗಳಿಂದ ಜೋಡಿ ಪದವಿಯ ವಿದ್ಯಾರ್ಥಿಗೆ ಸಿಗುವುದು ಒಟ್ಟು ಆರು ವರ್ಷ, 72 ತಿಂಗಳು. ಟಿ32, ಎಫ್30 ಎರಡೂ ಸೇರಿ. ಈಕೆ ಟಿ32ನಲ್ಲಿ 24 ಬಳಸಿದ್ದಳು, ಉಳಿದದ್ದು 48. ಮೊದಲ ಅರ್ಜಿಯಲ್ಲಿ ಕೇಳಿದ್ದು 60. ಆ ತಪ್ಪನ್ನು ಕಾಲೇಜಿನ ಅನುದಾನ ಕಚೇರಿಯೂ ಹಿಡಿದಿರಲಿಲ್ಲ. ಗೈಡ್‌ನ ಆರ್01ನಿಂದ ಸಂಬಳ ಪಡೆದ ತಿಂಗಳುಗಳು ಈ 72ರಲ್ಲಿ ಸೇರುವುದಿಲ್ಲ. ಇದೇ ಕಾರಣಕ್ಕೆ, 2022ರಲ್ಲಿ ವಿಭಾಗದವರು ತಮ್ಮ ಇನ್ನೊಂದು ಟಿ32ನಲ್ಲಿ ಒಂದು ವರ್ಷ ಜಾಗ ಕೊಡುತ್ತೇವೆಂದಾಗ ಈಕೆ ಬೇಡವೆಂದದ್ದು ಒಳ್ಳೆಯದೇ ಆಯಿತು. ಒಪ್ಪಿದ್ದರೆ ಉಳಿಯುತ್ತಿದ್ದದ್ದು 36.

ಇನ್ನೊಂದು ನಿಯಮ: ಎಫ್30 ಅವಧಿಯ ಅರ್ಧವಾದರೂ ಪೂರ್ಣಾವಧಿ ಪಿಎಚ್.ಡಿ. ಸಂಶೋಧನೆಗೆ ಹೋಗಬೇಕು. ಪಿಎಚ್.ಡಿ. ಮುಗಿಯುವುದು 2026ರ ಜೂನ್‌ಗೆ ಎಂದಿಟ್ಟುಕೊಂಡರೆ, 2024ರ ಏಪ್ರಿಲ್‌ನಲ್ಲಿ ಶುರುವಾಗುವ ಫೆಲೋಶಿಪ್‌ನಲ್ಲಿ ಸಂಶೋಧನೆಗೆ 27 ತಿಂಗಳು ಸಿಗುತ್ತದೆ. ಅದರ ದುಪ್ಪಟ್ಟು 54. ಆದರೆ ಉಳಿದಿರುವುದೇ 48, ಹಾಗಾಗಿ 48 ಪೂರ್ತಿ ಕೇಳಬಹುದು. 2024ರ ಜುಲೈನಲ್ಲಿ ಶುರುವಾದರೆ ಸಂಶೋಧನೆಗೆ 24, ಒಟ್ಟು 48ಕ್ಕೆ ಸರಿಯಾಗಿ ತಾಳೆ. ಅಲ್ಲಿಂದಾಚೆ ಒಂದು ತಿಂಗಳು ತಡವಾದರೆ ಎರಡು ತಿಂಗಳ ಹಣ ಹೋಗುತ್ತದೆ: ಸೆಪ್ಟೆಂಬರ್‌ನಲ್ಲಿ ಶುರುವಾದರೆ ಗರಿಷ್ಠ 44, ಡಿಸೆಂಬರ್‌ನಲ್ಲಾದರೆ 38. ಆಗಸ್ಟ್ ಅರ್ಜಿಗೆ ವಿಮರ್ಶೆ ಅಕ್ಟೋಬರ್-ನವೆಂಬರ್‌ನಲ್ಲಿ, ಹಣ ಏಪ್ರಿಲ್ ಹೊತ್ತಿಗೆ. ಅಂದರೆ ಆಗಸ್ಟ್‌ವರೆಗೆ ಕಾದರೆ ಒಂದು ತಿಂಗಳ ಹಣವೂ ನಷ್ಟವಿಲ್ಲ, ಮೇಲಾಗಿ ಇಲಿಗಳ ಮೊದಲ ತಲೆಮಾರಿನ ದತ್ತಾಂಶ ಕೈಗೆ ಬಂದಿರುತ್ತದೆ. ಗೈಡ್ ಹೇಳಿದ್ದೇ ಸರಿ ಎನಿಸಿತು. ಈ ನಡುವೆ ಎನ್‌ಐಎಚ್‌ನ ಮೂತ್ರಪಿಂಡದ ಸಂಸ್ಥೆಯ ಪ್ರೋಗ್ರಾಂ ಅಧಿಕಾರಿಯ ಜೊತೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದ್ದೂ ಉಪಯೋಗಕ್ಕೆ ಬಂತು. ವಿಮರ್ಶೆಯಲ್ಲಿ ಯಾವುದು ಜೀವ ತೆಗೆಯುವ ದೂರು, ಯಾವುದು ಗೊಣಗಾಟ ಎಂಬುದನ್ನು ಬಿಡಿಸಿ ನೋಡಲು ಅವರ ಕಿವಿ ಪಳಗಿರುತ್ತದೆ.

ಕೊನೆಯ ವಾರದಲ್ಲಿ ಒಂದು ಎಡವಟ್ಟು. ಶಿಫಾರಸು ಪತ್ರ ಕನಿಷ್ಠ ಮೂರು, ಹೆಚ್ಚೆಂದರೆ ಐದು. ಗೈಡ್‌ನ ಪತ್ರ ಅದರಲ್ಲಿ ಸೇರುವುದಿಲ್ಲ. ಬರೆದವರೇ ಎನ್‌ಐಎಚ್‌ನ ಇರಾ ಕಾಮನ್ಸ್ ಜಾಲತಾಣದಲ್ಲಿ ನೇರವಾಗಿ ಏರಿಸಬೇಕು, ಗಡುವೂ ಅರ್ಜಿಯದೇ. ಮರುಸಲ್ಲಿಕೆಗೆ ಹಳೆಯ ಪತ್ರಗಳು ತಾವಾಗಿ ಬರುವುದಿಲ್ಲ, ಪ್ರತಿಯೊಂದೂ ಹೊಸದಾಗಿ ಬರಬೇಕು. ಇದು ಗೊತ್ತಾದದ್ದು ಆಗಸ್ಟ್ 4ರ ಶುಕ್ರವಾರ. ಒಬ್ಬರು ರಜೆಯಲ್ಲಿ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ಮೂರನೆಯ ಪತ್ರ ಬಂತು. ಅರ್ಜಿಯನ್ನೇ ಕಡೆಯ ಗಳಿಗೆಗೆ ಇಟ್ಟುಕೊಳ್ಳದೆ ಮೊದಲೇ ಕಳಿಸಿದ್ದರಿಂದ, ಜೋಡಣೆಯಾದ ಪ್ರತಿಯನ್ನು ತೆರೆದು ನೋಡಿ ಪುಟ ತಲೆಕೆಳಗಾದ ಒಂದು ಪಿಡಿಎಫ್ ಬದಲಿಸಲು ಸಮಯವಿತ್ತು. ನೋಡಲು ಎರಡು ಕೆಲಸದ ದಿನ ಸಿಗುತ್ತದೆ ನಿಜ, ಆದರೆ ಗಡುವು ದಾಟಿದ ಮೇಲೆ ತಿದ್ದಿ ಕಳಿಸಿದರೆ ಅದು ತಡವಾದ ಅರ್ಜಿ.

ಮರುಸಲ್ಲಿಕೆಯ ಮುನ್ನುಡಿಗೆ ಒಂದೇ ಪುಟ. ಮೊದಲ ಕರಡಿನಲ್ಲಿ ಅರ್ಧ ಪುಟ ವಿಮರ್ಶಕರಿಗೆ ಧನ್ಯವಾದ, ಇನ್ನರ್ಧ ಪುಟ ವಾದ. ಕಳಿಸಿದ ಪ್ರತಿಯಲ್ಲಿ ದೂರು, ಮಾಡಿದ ಬದಲಾವಣೆ, ಅದು ಯಾವ ವಿಭಾಗದಲ್ಲಿದೆ ಎಂಬುದಷ್ಟೇ. ಫಲಿತಾಂಶ: ಒಟ್ಟು ಅಂಕ 25. ಸಮಿತಿಯ ಸದಸ್ಯರ ಅಂಕಗಳ ಸರಾಸರಿಯನ್ನು ಹತ್ತರಿಂದ ಗುಣಿಸಿದರೆ ಬರುವ ಸಂಖ್ಯೆ ಇದು. 10 ಅತ್ಯುತ್ತಮ, 90 ಅತಿ ಕಳಪೆ. ಪ್ರಾಣಿ ಪ್ರಯೋಗದ ಅನುಮತಿ ಮುಂತಾದ ಕಾಗದಗಳನ್ನು ಕೇಳಿ ಪಡೆದ ಮೇಲೆ 2024ರ ಏಪ್ರಿಲ್ 1ರಿಂದ 48 ತಿಂಗಳಿಗೆ ಮಂಜೂರಾಯಿತು.

ಈ ಅಂಕಪಟ್ಟಿಯ ರೂಪ ಈಗಿಲ್ಲ. 2025ರ ಜನವರಿ 25ರಿಂದ ಐದು ಮಾನದಂಡಗಳ ಜಾಗಕ್ಕೆ ಮೂರು ಬಂದಿವೆ: ಅಭ್ಯರ್ಥಿಯ ಸಿದ್ಧತೆ ಮತ್ತು ಸಾಮರ್ಥ್ಯ, ಸಂಶೋಧನಾ ತರಬೇತಿ ಯೋಜನೆ, ಅಭ್ಯರ್ಥಿಯ ಬಗೆಗಿನ ಬದ್ಧತೆ. ಕಾಲೇಜಿನ ಗ್ರೇಡುಗಳನ್ನು ಹಾಕುವುದೂ ನಿಂತಿದೆ. ಹತ್ತೊಂಬತ್ತರ ಪ್ರಾಯದಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಬಂದ ಒಂದು ಸಿ ಗ್ರೇಡಿಗೆ ಇಪ್ಪತ್ತಾರರಲ್ಲಿ ವಿವರಣೆ ಕೊಡುತ್ತ ಕೂರುವ ಕಾಟ ತಪ್ಪಿತು. ತರಬೇತಿಯ ಪುಟಗಳ ತೂಕ ಮಾತ್ರ ಹೊಸ ರೂಪದಲ್ಲಿ ಇನ್ನೂ ಹೆಚ್ಚಿದೆ.

ಕೈಗೆ ಬಂದ ಹಣ

2024ರ ದರದಲ್ಲಿ ಪಿಎಚ್.ಡಿ. ಪೂರ್ವದ ಸ್ಟೈಪೆಂಡ್ ವರ್ಷಕ್ಕೆ 28,224 ಡಾಲರ್, ತಿಂಗಳಿಗೆ 2,352. ಈಕೆಯ ಕಾಲೇಜು ಎಲ್ಲ ಎಂ.ಡಿ.-ಪಿಎಚ್.ಡಿ. ವಿದ್ಯಾರ್ಥಿಗಳಿಗೂ 40,000 ಕೊಡುತ್ತದೆ ಎಂದಿಟ್ಟುಕೊಳ್ಳಿ. ನಡುವಿನ 11,776 ಡಾಲರ್ ಕಾಲೇಜು ತುಂಬಬೇಕು. ಈ ಹೆಚ್ಚುವರಿಯನ್ನು ವಿಶೇಷ ಅನುಮತಿಯಿಲ್ಲದೆ ಇನ್ನೊಂದು ಕೇಂದ್ರ ಅನುದಾನದಿಂದ ಕೊಡುವಂತಿಲ್ಲ. ಮೊದಲ ತಿಂಗಳು ಲ್ಯಾಬ್‌ನ ಆಡಳಿತ ಸಹಾಯಕರು ಹಳೆಯ ಅಭ್ಯಾಸದಂತೆ ಅದನ್ನು ಆರ್01ಗೆ ಹಾಕಿದ್ದರು, ಲೆಕ್ಕ ಕಚೇರಿ ವಾಪಸು ಕಳಿಸಿತು.

ಶುಲ್ಕಕ್ಕೆ ಎನ್‌ಐಎಚ್ ಕೊಡುವುದು ಶೇ. 60, ಜೋಡಿ ಪದವಿಗೆ ಗರಿಷ್ಠ 21,000 ಡಾಲರ್. ಶುಲ್ಕ 20,000 ಇದ್ದರೆ 12,000 ಸಿಗುತ್ತದೆ. 35,000ಕ್ಕೆ ಮಿತಿ ಮುಟ್ಟುತ್ತದೆ. ವಾರ್ಡಿನ ವರ್ಷಗಳಲ್ಲಿ ಶುಲ್ಕ 50,000 ಆದರೂ 21,000 ಮಾತ್ರ, ಉಳಿದ 29,000 ಕಾಲೇಜಿನದು. ಆರೋಗ್ಯ ವಿಮೆ, ಸಮ್ಮೇಳನದ ಪ್ರಯಾಣ, ಪುಸ್ತಕಗಳಿಗೆ ಸಂಸ್ಥಾ ಭತ್ಯೆ ಬೇರೆ.

ಹೀಗೆ ನೋಡಿದರೆ ವಿದ್ಯಾರ್ಥಿಯ ಜೇಬಿಗೆ ಬರುವ ಮೊತ್ತ ಬಹುತೇಕ ಅಷ್ಟೇ ಇರುತ್ತದೆ, ಕೊಡುವ ಕೈ ಬದಲಾಗುತ್ತದೆ. ಗೈಡ್‌ನ ಆರ್01ನಲ್ಲಿ ಒಂದು ಸಂಬಳ ಉಳಿದು ಇಲಿಗಳಿಗೆ ಹೋಗುತ್ತದೆ. ವಿದ್ಯಾರ್ಥಿಗೆ ಉಳಿಯುವುದು ಹೆಸರಿಗೆ ಬಂದ ಅನುದಾನ, ಮುಂದಿನ ಕೆ08ಗೆ ಅದು ಸಾಕ್ಷಿ. ಪಿಎಚ್.ಡಿ. ಪೂರ್ವದವರಿಗೆ ಸೇವೆಯ ರೂಪದಲ್ಲಿ ಮರುಪಾವತಿಯ ಹೊಣೆಯಿಲ್ಲ. ಆ ಷರತ್ತು ಪೋಸ್ಟ್‌ಡಾಕ್‌ಗಳ ಮೊದಲ ವರ್ಷಕ್ಕೆ.

ಜೇಬಿಗೆ ಬಿಸಿ ತಟ್ಟಿದ್ದು ತೆರಿಗೆಯಲ್ಲಿ. ಆರ್01ನಲ್ಲಿದ್ದಾಗ ಈಕೆ ನೌಕರಳು, ತೆರಿಗೆ ಮುರಿದುಕೊಂಡೇ ಸಂಬಳ ಬರುತ್ತಿತ್ತು. ಫೆಲೋಶಿಪ್ ಸಂಬಳವಲ್ಲ. ಮುರಿತ ನಿಂತಿತು, ತೆರಿಗೆ ನಿಲ್ಲಲಿಲ್ಲ. 1040-ಇಎಸ್ ನಮೂನೆಯಲ್ಲಿ ಏಪ್ರಿಲ್, ಜೂನ್, ಸೆಪ್ಟೆಂಬರ್, ಮರುವರ್ಷದ ಜನವರಿ, ಈ ನಾಲ್ಕು ತಿಂಗಳ 15ಕ್ಕೆ ಅಂದಾಜು ತೆರಿಗೆ ಕಟ್ಟಬೇಕು. ಕಟ್ಟದಿದ್ದರೆ ದಂಡ ಬೀಳಬಹುದು. ಮೊದಲ ಸ್ಟೈಪೆಂಡ್ ಬಂದ ದಿನವೇ ಒಂದಿಷ್ಟನ್ನು ಬೇರೆ ಖಾತೆಗೆ ಎತ್ತಿಡುವುದು ಇದಕ್ಕೆ ಇರುವ ಸುಲಭ ದಾರಿ.

ಮಂಜೂರಾತಿ ಪತ್ರ ಬಂದ ಮಾತ್ರಕ್ಕೆ ಹಣ ಹರಿಯುವುದಿಲ್ಲ. ಶುರು ಮಾಡಿದ್ದೇನೆ ಎಂಬ 416-5 ನಮೂನೆ ಹೋಗಬೇಕು, ಆರು ತಿಂಗಳೊಳಗೆ ಶುರುವಾಗಬೇಕು. ಪ್ರತಿ ವರ್ಷ ಮುಂದಿನ ವರ್ಷದ ಹಣಕ್ಕೆ ಎರಡು ತಿಂಗಳು ಮುಂಚೆ ಪ್ರಗತಿ ವರದಿ.

ಇನ್ನು ಉಳಿದಿರುವ ಅಪಾಯ ವೇಳಾಪಟ್ಟಿಯದು. ಪಿಎಚ್.ಡಿ. ಬೇಗ ಮುಗಿದು 2026ರ ಮಾರ್ಚ್‌ನಲ್ಲೇ ವಾರ್ಡಿಗೆ ಹೋದರೆ ಸಂಶೋಧನೆ 23 ತಿಂಗಳಿಗೆ ಇಳಿದು ಅರ್ಧದ ನಿಯಮ ಮುರಿಯುತ್ತದೆ. ಹಾಗಾಗುವ ಸೂಚನೆ ಕಂಡ ಕೂಡಲೇ ಪ್ರೋಗ್ರಾಂ ಅಧಿಕಾರಿಗೆ ಬರೆಯಬೇಕು, ಆದ ಮೇಲಲ್ಲ. ತಡವಾಗಿ ಸೆಪ್ಟೆಂಬರ್‌ಗೆ ಮುಗಿದರೆ ನಿಯಮಕ್ಕೆ ಧಕ್ಕೆಯಿಲ್ಲ, ಆದರೆ ವಾರ್ಡಿನ ಕೊನೆಯ ತಿಂಗಳುಗಳು ಫೆಲೋಶಿಪ್‌ನಿಂದ ಹೊರಗೆ ಜಾರುತ್ತವೆ. ಎಲ್ಲ ಯೋಜನೆಯಂತೆ ನಡೆದರೂ 72 ತಿಂಗಳು ತುಂಬುವುದು 2028ರ ಮಾರ್ಚ್ 31ಕ್ಕೆ, ಎಂ.ಡಿ. ಸಿಗುವುದು ಮೇನಲ್ಲಿ. ನಡುವಿನ ಎರಡು ತಿಂಗಳ ಸ್ಟೈಪೆಂಡ್ ಕಾಲೇಜಿನ ನಿಧಿಯಿಂದ ಎಂದು ಕಾರ್ಯಕ್ರಮದ ನಿರ್ದೇಶಕರಿಂದ 2024ರಲ್ಲೇ ಬರೆಸಿಕೊಂಡಿದ್ದಾರೆ.